ಸೈನಿಕರ ಮೇಲಿನ ಕೊಲೆ ಕೇಸುಗಳಲ್ಲಿ ಸಾಕ್ಷ್ಯ ಎಲ್ಲಿ ಹೋಗುತ್ತದೆ?

2005ರ ನವೆಂಬರ್ 19ರ ಬೆಳಗ್ಗೆ ಇರಾಕ್‌ನ ಹದೀಥಾ ಎಂಬ ಊರಿನ ರಸ್ತೆಯಲ್ಲಿ ಬಾಂಬ್ ಸಿಡಿಯಿತು. ಅಮೆರಿಕದ ಮರೀನ್ ಪಡೆಯ ಒಬ್ಬ ಯುವಕ ಸತ್ತ. ಮುಂದಿನ ಕೆಲವು ಗಂಟೆಗಳಲ್ಲಿ ಅವನ ತುಕಡಿಯವರು ಅಲ್ಲೇ ಕಾರಿನ ಪಕ್ಕದಲ್ಲಿದ್ದ ಐವರನ್ನು ಗುಂಡಿಟ್ಟು ಕೊಂದರು. ಆಮೇಲೆ ಹತ್ತಿರದ ಮನೆಗಳಿಗೆ ನುಗ್ಗಿದರು. ಸಂಜೆಯ ಹೊತ್ತಿಗೆ 24 ಇರಾಕಿಗಳು ಸತ್ತಿದ್ದರು. ಅದರಲ್ಲಿ 3 ವರ್ಷದ ಮಗು ಇತ್ತು, 76 ವರ್ಷದ ಅಜ್ಜನೂ ಇದ್ದ.

ಮರುದಿನ ಮರೀನ್ ಪಡೆ ಪತ್ರಿಕಾ ಪ್ರಕಟಣೆ ಕೊಟ್ಟಿತು. ಅದರ ಪ್ರಕಾರ ರಸ್ತೆಬದಿಯ ಬಾಂಬಿಗೆ ಒಬ್ಬ ಮರೀನ್ ಮತ್ತು 15 ಇರಾಕಿ ನಾಗರಿಕರು ಬಲಿಯಾದರು. ನಂತರದ ಗುಂಡಿನ ಕಾಳಗದಲ್ಲಿ 8 ಬಂಡುಕೋರರು ಸತ್ತರು. ಅಷ್ಟೇ.

ಒಂದು ವಿಚಿತ್ರ ನೋಡಿ. ಸತ್ತ ನಾಗರಿಕರ ಮನೆಯವರಿಗೆ ಸೇನೆ ಒಟ್ಟು 38,000 ಡಾಲರ್ ಪರಿಹಾರ ಕೊಟ್ಟಿತು. ಅಂದರೆ ಹೆಸರು ಬರೆದುಕೊಂಡು, ತಲೆ ಲೆಕ್ಕ ಹಾಕಿ, ಹಣ ಎಣಿಸಿ ಕೊಡುವಷ್ಟು ಪುರುಸೊತ್ತು ಇತ್ತು. ಇವರು ಹೇಗೆ ಸತ್ತರು ಎಂದು ಕೇಳುವುದಕ್ಕೆ ಮಾತ್ರ ಇರಲಿಲ್ಲ. ಕೇಳಿಸಿದ್ದು ಹೊರಗಿನವರು. ಪತ್ರಿಕೋದ್ಯಮ ಓದುತ್ತಿದ್ದ ಇರಾಕಿ ವಿದ್ಯಾರ್ಥಿಯೊಬ್ಬ ಆ ಮನೆಗಳನ್ನೂ ಶವಗಳನ್ನೂ ವಿಡಿಯೊ ಮಾಡಿದ್ದ. ಅದು ‘ಟೈಮ್’ ಪತ್ರಿಕೆಯ ಕೈಗೆ ಬಂತು. ಪತ್ರಿಕೆ ಸೇನೆಯನ್ನು ಪ್ರಶ್ನಿಸಿತು. 2006ರ ಮಾರ್ಚ್‌ನಲ್ಲಿ, ಅಂದರೆ ಸಾವುಗಳಾಗಿ ಸುಮಾರು ನಾಲ್ಕು ತಿಂಗಳಾದ ಮೇಲೆ, ನೌಕಾಪಡೆಯ ಅಪರಾಧ ತನಿಖಾ ಸಂಸ್ಥೆ ಎನ್‌ಸಿಐಎಸ್ ಹದೀಥಾಕ್ಕೆ ಕಾಲಿಟ್ಟಿತು.

ಅಷ್ಟರಲ್ಲಿ ಶವಗಳು ಮಣ್ಣಾಗಿದ್ದವು. ಗೋರಿ ಅಗೆದು ಮರಣೋತ್ತರ ಪರೀಕ್ಷೆ ಮಾಡಲು ಮನೆಯವರು ಒಪ್ಪಲಿಲ್ಲ. ತುಕಡಿಯವರು ತಿಂಗಳುಗಟ್ಟಲೆ ಒಟ್ಟಿಗೇ ಇದ್ದರು, ಒಟ್ಟಿಗೇ ಉಂಡಿದ್ದರು. ಎಂಟು ಮಂದಿಯ ಮೇಲೆ ಆರೋಪ ಬಂತು. ಆರು ಜನರ ಆರೋಪ ಬಿದ್ದುಹೋಯಿತು, ಒಬ್ಬ ಅಧಿಕಾರಿ ಖುಲಾಸೆಯಾದ. ಉಳಿದ ತುಕಡಿ ನಾಯಕ 2012ರ ಜನವರಿಯಲ್ಲಿ ಕರ್ತವ್ಯದಲ್ಲಿ ಅಜಾಗರೂಕತೆ ತೋರಿದ್ದನ್ನು ಒಪ್ಪಿಕೊಂಡ. ಅವನ ದರ್ಜೆ ಇಳಿಯಿತು. ಜೈಲಿಲ್ಲ. 24 ಸಾವುಗಳಿಗೆ ಕೊಲೆಗಾರ ಎಂದು ಯಾರೂ ತೀರ್ಮಾನವಾಗಲಿಲ್ಲ.

ಇಂಥ ಸುದ್ದಿ ಓದಿದಾಗ ನಾವು ಸಾಮಾನ್ಯವಾಗಿ ಕೋರ್ಟನ್ನು ಬಯ್ಯುತ್ತೇವೆ. ಸೇನಾ ನ್ಯಾಯಾಲಯ ತಮ್ಮವರನ್ನು ಬಿಟ್ಟುಬಿಟ್ಟಿತು ಅನ್ನುತ್ತೇವೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಎಷ್ಟೋ ಕೇಸುಗಳಲ್ಲಿ ನ್ಯಾಯಾಧೀಶರ ಮುಂದೆ ಬಂದ ಕಾಗದಗಳಲ್ಲಿ ನಿಜಕ್ಕೂ ಏನೂ ಇರುವುದಿಲ್ಲ. ‘ಸಾಕ್ಷ್ಯ ಸಾಲದು’ ಅನ್ನುವುದು ಅವರ ಮಟ್ಟಿಗೆ ಸುಳ್ಳಲ್ಲ. ಆ ಕೊರತೆ ಹುಟ್ಟುವುದು ಮೊದಲ ಎರಡು ದಿನಗಳಲ್ಲಿ. ಗುಂಡು ಹಾರಿಸಿದ ತುಕಡಿಯೇ ಮೊದಲ ವರದಿ ಬರೆಯುವಾಗ.

ಮೊದಲ ಕಾಗದ ಬರೆಯುವವರು ಯಾರು?

ಊರಲ್ಲಿ ಕೊಲೆಯಾದರೆ ಪೊಲೀಸರು ಬರುತ್ತಾರೆ. ಜಾಗಕ್ಕೆ ಹಗ್ಗ ಕಟ್ಟುತ್ತಾರೆ, ಮಹಜರು ಮಾಡುತ್ತಾರೆ, ಶವವನ್ನು ವೈದ್ಯರಿಗೆ ಒಪ್ಪಿಸುತ್ತಾರೆ. ಬಂದ ಪೊಲೀಸರಿಗೂ ಕೊಂದವನಿಗೂ ಸಾಮಾನ್ಯವಾಗಿ ನಂಟು ಇರುವುದಿಲ್ಲ. ಯುದ್ಧಭೂಮಿಯಲ್ಲಿ ಇದೆಲ್ಲ ತಲೆಕೆಳಗು. ಜಾಗವನ್ನು ಹಿಡಿತದಲ್ಲಿ ಇಟ್ಟುಕೊಂಡವರು ಗುಂಡು ಹಾರಿಸಿದವರೇ. ಅಲ್ಲಿಗೆ ಹೋಗಲು ವಾಹನ, ಹೆಲಿಕಾಪ್ಟರ್, ಕಾವಲು ಕೊಡಬೇಕಾದವರೂ ಅವರ ಮೇಲಧಿಕಾರಿಗಳೇ. ತನಿಖಾಧಿಕಾರಿ ಒಬ್ಬನೇ ಬ್ಯಾಗ್ ಹಿಡಿದುಕೊಂಡು ಹೋಗುವ ಜಾಗ ಅದಲ್ಲ.

ಅಮೆರಿಕದ ಭೂಸೇನೆಯಲ್ಲಿ ಹೆಚ್ಚಾಗಿ ಮೊದಲು ನಡೆಯುವುದು ಅಪರಾಧ ತನಿಖೆಯಲ್ಲ. ಅದು ಕಮಾಂಡರ್ ಆದೇಶಿಸುವ ಆಡಳಿತ ವಿಚಾರಣೆ. ಸೇನಾ ನಿಯಮ 15-6ರ ಅಡಿಯಲ್ಲಿ ನಡೆಯುವುದರಿಂದ ಎಲ್ಲರೂ ಅದನ್ನು ‘15-6’ ಎಂದೇ ಕರೆಯುತ್ತಾರೆ. ಅದನ್ನು ಮಾಡುವವನು ಇನ್ನೊಬ್ಬ ಸೇನಾಧಿಕಾರಿ. ರಕ್ತದ ಕಲೆ ಓದಲು, ಗುಂಡಿನ ದಿಕ್ಕು ಗುರುತಿಸಲು, ಸುಳ್ಳು ಹೇಳುವವನನ್ನು ಪ್ರಶ್ನಿಸಲು ಅವನು ಕಲಿತಿರಬೇಕೆಂದೇನೂ ಇಲ್ಲ. ಅನುಮಾನ ಬಂದರಷ್ಟೇ ವಿಷಯ ಭೂಸೇನೆಯದೇ ಅಪರಾಧ ತನಿಖಾ ವಿಭಾಗವಾದ ಸಿಐಡಿಗೆ ಹೋಗುತ್ತದೆ. ಅನುಮಾನ ಬರಬೇಕಾದದ್ದು ಯಾರಿಗೆ? ಅದೇ ಕಮಾಂಡರ್‌ಗೆ.

ಬ್ರಿಟನ್ ಇದನ್ನೇ ನಿಯಮ ಮಾಡಿಕೊಂಡಿತ್ತು. 2003ರಲ್ಲಿ ಇರಾಕ್‌ನ ಬಸ್ರಾ ಹಿಡಿದ ಹೊಸತರಲ್ಲಿ ಇಂಥ ಗುಂಡೇಟಿನ ಘಟನೆಗಳನ್ನು ಮಿಲಿಟರಿ ಪೊಲೀಸರು ತನಿಖೆ ಮಾಡಬೇಕು ಎಂದಿತ್ತು. ಅದೇ ಜುಲೈ ಕೊನೆಗೆ ಅದು ಬದಲಾಯಿತು. ಗುಂಡು ಹಾರಿಸಿದ್ದು ನಿಯಮಕ್ಕೆ ತಕ್ಕಂತೆ ಇತ್ತು ಎಂದು ಕಮಾಂಡರ್‌ಗೆ ಮನವರಿಕೆಯಾದರೆ ಸಾಕು, ಪೊಲೀಸರು ಬೇಡ. 2011ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅಲ್-ಸ್ಕೇನಿ ಪ್ರಕರಣದಲ್ಲಿ ಈ ವ್ಯವಸ್ಥೆಯನ್ನು ಒಪ್ಪಲಿಲ್ಲ. ಮಿಲಿಟರಿ ಪೊಲೀಸರು ಸೇನೆಯ ಕಮಾಂಡಿನಿಂದ ಸ್ವತಂತ್ರರಾಗಿ ಕೆಲಸ ಮಾಡುವ ಸ್ಥಿತಿಯಲ್ಲೇ ಇರಲಿಲ್ಲ ಎಂದಿತು.

ಇನ್ನು ‘ನಿಯಮಕ್ಕೆ ತಕ್ಕಂತೆ’ ಅನ್ನುವುದೇ ಒಂದು ಜಾರುಬಂಡೆ. ಎದುರಿನವನಿಗೆ ಹಾನಿ ಮಾಡುವ ಉದ್ದೇಶ ಇತ್ತು ಎಂದು ಸೈನಿಕನಿಗೆ ಅನ್ನಿಸಿದರೆ ಗುಂಡು ಹಾರಿಸಬಹುದು. ಹಾಗಾಗಿ ತನಿಖೆಯ ಮುಖ್ಯ ಪ್ರಶ್ನೆ ‘ಏನಾಯಿತು’ ಎಂಬುದಲ್ಲ, ‘ನಿನಗೆ ಏನನ್ನಿಸಿತು’ ಎಂಬುದಾಗುತ್ತದೆ. ಅದಕ್ಕೆ ಉತ್ತರ ಗೊತ್ತಿರುವುದು ಆರೋಪಿಗೆ ಮಾತ್ರ. ಇದರರ್ಥ ಸೈನಿಕರೆಲ್ಲ ಸುಳ್ಳರು ಎಂದಲ್ಲ. ಕತ್ತಲಲ್ಲಿ ಬಾಗಿಲು ಒದ್ದು ಒಳಹೋಗುವವನ ಭಯ ನಿಜ. ಆದರೆ ಆ ಭಯಕ್ಕೆ ಕಾರಣ ಇತ್ತೋ ಇಲ್ಲವೋ ಎಂದು ಅಳೆಯಲು ಗೋಡೆ, ಗುಂಡು, ಗಾಯ ಬೇಕು. ಅವಿಲ್ಲದಿದ್ದರೆ ಉಳಿಯುವುದು ಅವನ ಮಾತೊಂದೇ.

ನೆದರ್ಲೆಂಡ್ಸ್‌ನ ಒಂದು ಕೇಸು ಇದನ್ನು ಬೇರೆಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಅಷ್ಟು ಪ್ರಸಿದ್ಧವಲ್ಲ, ಆದರೆ ನನಗೆ ಇದು ಹದೀಥಾದಷ್ಟೇ ಮುಖ್ಯ. 2004ರ ಏಪ್ರಿಲ್‌ನಲ್ಲಿ ದಕ್ಷಿಣ ಇರಾಕ್‌ನ ಒಂದು ತಪಾಸಣಾ ಠಾಣೆಯಲ್ಲಿ ಕಾರಿನಲ್ಲಿದ್ದ ಯುವಕನೊಬ್ಬ ಡಚ್ ಸೈನಿಕರು ಇದ್ದ ಕಡೆಯಿಂದ ಬಂದ ಗುಂಡಿಗೆ ಸತ್ತ. ಡಚ್ ಮಿಲಿಟರಿ ಪೊಲೀಸರು ಕೂಡಲೇ ಬಂದರು. ಅವರ ಸ್ವಾತಂತ್ರ್ಯದಲ್ಲಿ ಯುರೋಪಿನ ನ್ಯಾಯಾಲಯವೂ ದೋಷ ಕಾಣಲಿಲ್ಲ. ಆದರೂ 2014ರ ನವೆಂಬರ್‌ನಲ್ಲಿ ತನಿಖೆ ವಿಫಲ ಎಂದೇ ತೀರ್ಪಾಯಿತು. ಕಾರಣಗಳೆಲ್ಲ ಸಣ್ಣ ಸಣ್ಣವು. ಗುಂಡು ಹಾರಿಸಿದ ಅಧಿಕಾರಿಯ ಹೇಳಿಕೆ ಪಡೆಯಲು ಆರು ಗಂಟೆಗೂ ಜಾಸ್ತಿ ಹಿಡಿಯಿತು. ಆ ಆರು ಗಂಟೆ ಅವನು ಯಾರ ಜೊತೆಯೂ ಮಾತಾಡಬಾರದು ಎಂದು ಯಾರೂ ತಡೆಯಲಿಲ್ಲ. ಶವಪರೀಕ್ಷೆ ನಡೆದಾಗ ಡಚ್ ಕಡೆಯ ಒಬ್ಬರೂ ಅಲ್ಲಿರಲಿಲ್ಲ, ವರದಿ ತೀರಾ ಚಿಕ್ಕದು. ಸ್ಥಳದಲ್ಲಿ ಗುಂಡು ಹಾರಿಸಿದ ಇರಾಕಿ ಸಿಬ್ಬಂದಿಯ ಪಟ್ಟಿಯನ್ನು ಕಡತಕ್ಕೆ ಸೇರಿಸಲಿಲ್ಲ. ದೇಹದಿಂದ ತೆಗೆದ ಲೋಹದ ಚೂರುಗಳು ಎಲ್ಲೋ ಕಳೆದುಹೋದವು. ಆ ಚೂರು ಇದ್ದಿದ್ದರೆ ಯಾರ ಬಂದೂಕಿನದು ಎಂದು ಹೇಳಬಹುದಿತ್ತು, ಅಲ್ವಾ?

ಯಾರೂ ಇಲ್ಲಿ ಪಿತೂರಿ ಮಾಡಿದರು ಎಂದು ಕೋರ್ಟ್ ಹೇಳಲಿಲ್ಲ. ಸುಮ್ನೆ ಉದಾಸೀನ ಸಾಕು. ಪಿತೂರಿಗಿಂತ ಅದೇ ಹೆಚ್ಚು ಕೇಸುಗಳನ್ನು ಕೊಂದಿದೆ ಎಂದು ನನ್ನ ಗುಮಾನಿ.

ಒಳಗಿಂದ ಬಂದ ದೂರು

ಮಿಲಿಟರಿ ತನಿಖೆಗಳ ಇತಿಹಾಸ ತೆಗೆದು ನೋಡಿದರೆ ಇನ್ನೊಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ದೂರು ಇರುತ್ತದೆ. ಕೇಳುವವರು ಇರುವುದಿಲ್ಲ.

ವಿಯೆಟ್ನಾಮಿನ ಮೈ ಲಾಯ್‌ನಲ್ಲಿ 1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರು ನೂರಾರು ಹಳ್ಳಿಗರನ್ನು ಕೊಂದರು. ಅಲ್ಲಿನ ಸ್ಮಾರಕದಲ್ಲಿ 504 ಹೆಸರುಗಳಿವೆ. ಹೆಲಿಕಾಪ್ಟರ್ ಪೈಲಟ್ ಹ್ಯೂ ಥಾಂಪ್ಸನ್ ಅಂದೇ ಮೇಲಧಿಕಾರಿಗಳಿಗೆ ದೂರು ಕೊಟ್ಟಿದ್ದ. ವಿಚಾರಿಸಿದ್ದು ಆ ಕಾರ್ಯಾಚರಣೆಯ ಬ್ರಿಗೇಡಿನ ಕರ್ನಲ್ಲೇ. 128 ಶತ್ರುಗಳು ಸತ್ತರು ಎಂಬ ಗೆಲುವಿನ ಸುದ್ದಿಯೇ ಉಳಿಯಿತು. ಒಂದು ವರ್ಷ ಕಳೆದ ಮೇಲೆ ರಾನ್ ರೈಡನ್‌ಅವರ್ ಎಂಬ ಮಾಜಿ ಸೈನಿಕ ತಾನು ಕೇಳಿದ್ದನ್ನೆಲ್ಲ ಬರೆದು ಸಂಸದರಿಗೂ ಪೆಂಟಗನ್‌ಗೂ ಪತ್ರ ಕಳಿಸಿದ. ಆಮೇಲೆ ನಿಜವಾದ ತನಿಖೆ. ಕೊನೆಗೆ ಶಿಕ್ಷೆಯಾದದ್ದು ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಒಬ್ಬನಿಗೆ. 1971ರಲ್ಲಿ ಜೀವಾವಧಿ ಎಂದರು, ಅದು ಸುಮಾರು ಮೂರೂವರೆ ವರ್ಷದ ಗೃಹಬಂಧನವಾಗಿ ಮುಗಿಯಿತು.

ನಾಲ್ಕು ದಶಕ ಕಳೆದರೂ ಇದು ಬದಲಾಗಿರಲಿಲ್ಲ. 2010ರಲ್ಲಿ ಅಫ್ಗಾನಿಸ್ತಾನದ ಮೈವಂದ್‌ನಲ್ಲಿ ಕೆಲವು ಅಮೆರಿಕನ್ ಸೈನಿಕರು ಮೋಜಿಗೆ ನಾಗರಿಕರನ್ನು ಕೊಲ್ಲುತ್ತಿದ್ದರು. ಜನವರಿಯಲ್ಲಿ ಮೊದಲ ಕೊಲೆ. ಅವರಲ್ಲೊಬ್ಬ ಸೈನಿಕ ತಂದೆಗೆ ಸಂದೇಶ ಕಳಿಸಿ ವಿಷಯ ತಿಳಿಸಿದ. ತಂದೆ ಫೆಬ್ರವರಿ ಮಧ್ಯದಲ್ಲಿ ಅಮೆರಿಕದಲ್ಲಿದ್ದ ಸೇನಾ ನೆಲೆಗೆ ಫೋನ್ ಮಾಡಿದ. ನಿಮ್ಮ ಮಗನೇ ದೂರು ಕೊಡದಿದ್ದರೆ ಮಾಡಲು ಹೆಚ್ಚೇನೂ ಇಲ್ಲ ಎಂಬ ಉತ್ತರ ಬಂತು. ಅದೇ ತಿಂಗಳ ಕೊನೆಯ ವಾರ ಎರಡನೇ ಕೊಲೆ, ಮೇ ತಿಂಗಳಲ್ಲಿ ಮೂರನೆಯದು. ಕೊನೆಗೆ ಇದೆಲ್ಲ ಬಯಲಾದದ್ದು ಕೊಲೆಯ ತನಿಖೆಯಿಂದಲ್ಲ. ತುಕಡಿಯಲ್ಲಿ ಹಶೀಶ್ ಸೇದುತ್ತಾರೆ ಎಂದು ಒಬ್ಬ ಕೊಟ್ಟ ದೂರಿನಿಂದ.

ಅಫ್ಗಾನಿಸ್ತಾನದಲ್ಲಿ ಅಮೆರಿಕದ ಸೇನಾ ನೆಲೆಯಿದ್ದ ಬಾಗ್ರಾಮ್‌ನ ಕಥೆ ಇದಕ್ಕಿಂತ ಸಂಕಟದ್ದು. ದಿಲಾವರ್ ಎಂಬ 22 ವರ್ಷದ ಅಫ್ಗಾನ್ ಟ್ಯಾಕ್ಸಿ ಚಾಲಕ 2002ರ ಡಿಸೆಂಬರ್‌ನಲ್ಲಿ ಅಲ್ಲಿನ ಅಮೆರಿಕನ್ ಸೆರೆಮನೆಯಲ್ಲಿ ಸತ್ತ. ಸಹಜ ಸಾವು ಎಂದಿತು ಸೇನೆ. ಶವದ ಜೊತೆ ಮನೆಯವರಿಗೆ ಒಂದು ಮರಣಪತ್ರವನ್ನೂ ಕೊಟ್ಟಿದ್ದರು, ಇಂಗ್ಲಿಷಿನಲ್ಲಿ. ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ‘ನ್ಯೂಯಾರ್ಕ್ ಟೈಮ್ಸ್’ ವರದಿಗಾರ್ತಿ ಕಾರ್ಲೊಟಾ ಗಾಲ್ ಹಳ್ಳಿಗೆ ಹೋಗಿ ಆ ಕಾಗದ ಬಿಡಿಸಿ ನೋಡಿದರೆ, ಸಾವಿನ ಬಗೆ ಎಂಬಲ್ಲಿ ನರಹತ್ಯೆ ಎಂದು ಸೇನೆಯ ವೈದ್ಯರೇ ಗುರುತು ಹಾಕಿದ್ದರು. ಹೀಗಿದ್ದೂ ಸಿಐಡಿ ಮೊದಲು ಈ ಕಡತವನ್ನು ಯಾರ ಮೇಲೂ ಆರೋಪವಿಲ್ಲದೆ ಮುಚ್ಚಲು ಶಿಫಾರಸು ಮಾಡಿತ್ತು.

ಬಾಯಿ ಬಿಡದವರು, ಬಾಯಿ ಬದಲಿಸಿದವರು

ಸ್ಥಳದ ಸಾಕ್ಷ್ಯ ಹೋದ ಮೇಲೆ ಉಳಿಯುವುದು ಜತೆಗಾರರ ಮಾತು. ಇಡೀ ಕೇಸು ಆ ಒಂದು ಹಗ್ಗದ ಮೇಲೆ ನಡೆಯುತ್ತದೆ.

2003ರ ಸೆಪ್ಟೆಂಬರ್‌ನಲ್ಲಿ ಬಸ್ರಾದ ಹೋಟೆಲ್ ಸ್ವಾಗತಕಾರ ಬಹಾ ಮೂಸಾ ಬ್ರಿಟಿಷ್ ಸೈನಿಕರ ಸೆರೆಯಲ್ಲಿ ಸತ್ತ. ದೇಹದ ಮೇಲೆ 93 ಗಾಯಗಳು. ಇಲ್ಲಿ ಶವ ಇತ್ತು, ವೈದ್ಯರ ವರದಿ ಇತ್ತು. ಆದರೆ ಯಾರು ಹೊಡೆದರು ಎಂದು ಯಾರೂ ಹೇಳಲಿಲ್ಲ. ಸೈನಿಕರು ಒಬ್ಬರನ್ನೊಬ್ಬರು ಮುಚ್ಚಿಕೊಂಡರು ಎಂದು ಕೋರ್ಟ್ ಮಾರ್ಷಲ್ ನಡೆಸಿದ ನ್ಯಾಯಾಧೀಶರೇ ಬೇಸರದಿಂದ ಹೇಳಿದರು. ಒಬ್ಬ ಕಾರ್ಪೊರಲ್ ಅಮಾನವೀಯ ವರ್ತನೆಯ ತಪ್ಪೊಪ್ಪಿಕೊಂಡ, ಒಂದು ವರ್ಷ ಜೈಲು. ಉಳಿದವರು ಪಾರು.

ಈ ಮೌನ ಒಡೆಯಲು ತನಿಖಾಧಿಕಾರಿಗಳ ಹತ್ತಿರ ಇರುವ ಉಪಾಯ ಒಂದೇ. ಕೆಲವರಿಗೆ ಶಿಕ್ಷೆಯಿಂದ ವಿನಾಯಿತಿ ಕೊಟ್ಟು ಉಳಿದವರ ವಿರುದ್ಧ ಸಾಕ್ಷಿ ಹೇಳಿಸುವುದು. ಹದೀಥಾದಲ್ಲಿ ಮಾಡಿದ್ದು ಇದೇ. ಆದರೆ ಗುಂಡು ಹಾರಿಸಿದವನೇ ವಿನಾಯಿತಿ ಪಡೆದು ಸಾಕ್ಷಿಯಾದರೆ ಅವನ ಮಾತಿಗೆ ಬೆಲೆ ಎಷ್ಟು? ಹಿಂದೆ ಒಮ್ಮೆ ಬೇರೆ ಕಥೆ ಹೇಳಿದ್ದಾನೆ ಎಂದು ಪ್ರತಿವಾದಿ ವಕೀಲ ಎರಡು ನಿಮಿಷದಲ್ಲಿ ತೋರಿಸುತ್ತಾನೆ. ಆ ಮೊದಲ ಕಥೆ ಎಲ್ಲಿರುತ್ತದೆ? ತುಕಡಿ ಬರೆದ ಮೊದಲ ಕಾಗದದಲ್ಲಿ.

ಅಮೆರಿಕದ ನೌಕಾಪಡೆಯ ವಿಶೇಷ ತುಕಡಿ ‘ನೇವಿ ಸೀಲ್’ನ ಎಡ್ಡಿ ಗ್ಯಾಲಗರ್ ಕೇಸಿನಲ್ಲಿ ಇದು ನಾಟಕದಂತೆ ನಡೆಯಿತು. 2017ರಲ್ಲಿ ಇರಾಕ್‌ನ ಮೊಸುಲ್‌ನಲ್ಲಿ ಗಾಯಗೊಂಡ ಹದಿಹರೆಯದ ಐಸಿಸ್ ಸೆರೆಯಾಳನ್ನು ಚಾಕುವಿನಿಂದ ಇರಿದು ಕೊಂದ ಎಂದು ಅವನದೇ ತಂಡದವರು ದೂರಿದರು. ಶವ ಇಲ್ಲ, ಶವಪರೀಕ್ಷೆ ಇಲ್ಲ. 2019ರ ವಿಚಾರಣೆಯಲ್ಲಿ ವಿನಾಯಿತಿ ಪಡೆದಿದ್ದ ತಂಡದ ವೈದ್ಯಕೀಯ ಸಹಾಯಕ ಎದ್ದು ನಿಂತು, ಉಸಿರುಗಟ್ಟಿಸಿ ಕೊಂದದ್ದು ನಾನು ಎಂದುಬಿಟ್ಟ. ಸರಕಾರದ ಕಡೆಯವರು ತಬ್ಬಿಬ್ಬು. ಅದಕ್ಕೂ ಮೊದಲೇ ಮುಖ್ಯ ಪ್ರಾಸಿಕ್ಯೂಟರ್ ಪ್ರತಿವಾದಿ ವಕೀಲರಿಗೂ ಒಬ್ಬ ಪತ್ರಕರ್ತನಿಗೂ ಕಣ್ಗಾವಲಿನ ತಂತ್ರಾಂಶ ಅಡಗಿಸಿದ ಇಮೇಲ್ ಕಳಿಸಿದ್ದು ಬಯಲಾಗಿ, ನ್ಯಾಯಾಧೀಶರು ಅವನನ್ನು ಕೇಸಿನಿಂದಲೇ ತೆಗೆದಿದ್ದರು. ಗ್ಯಾಲಗರ್ ಕೊಲೆ ಆರೋಪದಿಂದ ಬಿಡುಗಡೆಯಾದ. ಶವದ ಜೊತೆ ಫೋಟೊ ತೆಗೆಸಿಕೊಂಡದ್ದಕ್ಕೆ ಮಾತ್ರ ತಪ್ಪಿತಸ್ಥನಾದ. ಆ ಒಂದಕ್ಕೆ ಫೋಟೊ ಇತ್ತಲ್ಲ.

ಅವಸರವೂ ಕೇಸು ಕೆಡಿಸುತ್ತದೆ. 2006ರಲ್ಲಿ ಇರಾಕ್‌ನ ಹಮ್ದಾನಿಯಾದಲ್ಲಿ ಮರೀನ್‌ಗಳು ಒಬ್ಬನನ್ನು ಮನೆಯಿಂದ ಎಳೆದುಕೊಂಡು ಹೋಗಿ ಕೊಂದು, ಪಕ್ಕದಲ್ಲಿ ಗುದ್ದಲಿ, ಎಕೆ-47 ಇಟ್ಟರು. ಬಾಂಬ್ ಹೂಳುತ್ತಿದ್ದ ಎಂದು ತೋರಿಸಲು. ಇಲ್ಲಿ ತಪ್ಪೊಪ್ಪಿಗೆಗಳು ಸಿಕ್ಕವು, ಶಿಕ್ಷೆಯೂ ಆಯಿತು. ಆದರೆ ವಕೀಲ ಬೇಕು ಎಂದ ತುಕಡಿ ನಾಯಕನನ್ನು ತನಿಖಾಧಿಕಾರಿಗಳು ಒಂಟಿಯಾಗಿ ಇರಿಸಿ, ಒಂದು ವಾರದ ನಂತರ ಮತ್ತೆ ಮಾತಿಗೆ ಎಳೆದಿದ್ದರು. ಆ ಕಾರಣಕ್ಕೆ 2013ರಲ್ಲಿ ಮೇಲಿನ ಸೇನಾ ನ್ಯಾಯಾಲಯ ಅವನ ಶಿಕ್ಷೆಯನ್ನು ರದ್ದು ಮಾಡಿತು. 2015ರಲ್ಲಿ ಮತ್ತೆ ವಿಚಾರಣೆಯಾಗಿ ಮತ್ತೆ ತಪ್ಪಿತಸ್ಥನಾದ. ಅಷ್ಟು ಹೊತ್ತಿಗೆ ಕಳೆದ ಜೈಲುವಾಸವೇ ಶಿಕ್ಷೆ ಎಂದಾಯಿತು.

ಸುಧಾರಣೆ ಎಷ್ಟರಮಟ್ಟಿಗೆ?

ಏನೂ ಬದಲಾಗಿಲ್ಲ ಎಂದರೆ ಅನ್ಯಾಯವಾದೀತು. ಅಮೆರಿಕದಲ್ಲಿ ಆರೋಪ ಹೊರಿಸಬೇಕೋ ಬೇಡವೋ ಎಂದು ದಶಕಗಳ ಕಾಲ ತೀರ್ಮಾನಿಸುತ್ತಿದ್ದುದು ಕಮಾಂಡರ್. 2021ರ ಕಾಯ್ದೆಯ ಪ್ರಕಾರ 2023ರ ಡಿಸೆಂಬರ್ ಕೊನೆಯಿಂದ ಕೊಲೆ, ಅತ್ಯಾಚಾರದಂಥ ಆಯ್ದ ಅಪರಾಧಗಳಲ್ಲಿ ಆ ಅಧಿಕಾರ ಕಮಾಂಡಿನ ಹೊರಗಿರುವ ವಿಶೇಷ ಪ್ರಾಸಿಕ್ಯೂಟರ್‌ಗಳ ಕೈಗೆ ಬಂದಿದೆ. ಲೈಂಗಿಕ ದೌರ್ಜನ್ಯದ ವಿರುದ್ಧ ವರ್ಷಗಟ್ಟಲೆ ನಡೆದ ಹೋರಾಟದ ಫಲ ಇದು. ಯುದ್ಧದ ಸಾವುಗಳ ಕೇಸುಗಳೂ ಅದರ ಬೆನ್ನಿಗೆ ಈ ವ್ಯವಸ್ಥೆಯೊಳಗೆ ಬಂದವು. ಭೂಸೇನೆಯ ಸಿಐಡಿಗೂ 2021ರಲ್ಲಿ ಸೇನೆಯ ಹೊರಗಿನ ಮುಖ್ಯಸ್ಥರು ಬಂದರು. ಅಲ್ಲಿನ ತನಿಖಾಧಿಕಾರಿಗಳಿಗೆ ಅನುಭವವೇ ಸಾಲದು ಎಂದು ಫೋರ್ಟ್ ಹುಡ್ ನೆಲೆಯ ಪರಿಶೀಲನಾ ಸಮಿತಿ ಅದರ ಹಿಂದಿನ ವರ್ಷ ಹೇಳಿತ್ತು.

ಒಳ್ಳೆಯದೇ. ಆದರೆ ಹದೀಥಾ ತನಿಖೆ ಮಾಡಿದ ಎನ್‌ಸಿಐಎಸ್ ಆಗಲೂ ನಾಗರಿಕರೇ ನಡೆಸುತ್ತಿದ್ದ ಸಂಸ್ಥೆ. ತಡವಾಗಿ ಹೋದವನು ಯೂನಿಫಾರ್ಮ್ ತೊಟ್ಟಿದ್ದರೇನು, ಕೋಟು ತೊಟ್ಟಿದ್ದರೇನು? ಪ್ರಾಸಿಕ್ಯೂಟರ್ ಬದಲಾದರು. ಗುಂಡು ನಿಂತ ಮೇಲೆ ಜಾಗಕ್ಕೆ ಮೊದಲು ಯಾರು ಹೋಗಬೇಕು, ಮೊದಲ ವರದಿ ಯಾರು ಬರೆಯಬೇಕು ಎಂಬುದನ್ನು ಆ ಕಾಯ್ದೆ ಮುಟ್ಟಿಲ್ಲ.

ಬ್ರಿಟನ್ ಬೇರೆ ದಾರಿ ಹಿಡಿಯಿತು. ಎಲ್ಲ ಮುಗಿದ ಮೇಲೆ ದೊಡ್ಡ ತಂಡ ಕಟ್ಟಿ ಹಳೆಯದನ್ನೆಲ್ಲ ಅಗೆಯುವುದು. ಇರಾಕ್ ಆರೋಪಗಳಿಗಾಗಿ 2010ರಲ್ಲಿ ಹುಟ್ಟಿದ ತಂಡಕ್ಕೆ 3,400ಕ್ಕೂ ಹೆಚ್ಚು ದೂರು ಬಂದವು. 2017ರಲ್ಲಿ ಅದು ಬಾಗಿಲು ಹಾಕಿತು, ಒಬ್ಬನ ಮೇಲೂ ಮೊಕದ್ದಮೆ ಹೂಡದೆ. ಅದರಲ್ಲಿ ದುಡ್ಡಿಗಾಗಿ ಹುಟ್ಟಿಸಿದ ದೂರುಗಳೂ ಇದ್ದವು, ಕೇಸು ತರುತ್ತಿದ್ದ ಪ್ರಮುಖ ವಕೀಲನೊಬ್ಬ ಅಪ್ರಾಮಾಣಿಕತೆಗೆ ಸನ್ನದು ಕಳೆದುಕೊಂಡ. ಅಫ್ಗಾನಿಸ್ತಾನದ 600ಕ್ಕೂ ಹೆಚ್ಚು ಆರೋಪಗಳನ್ನು ನೋಡಿದ ‘ಆಪರೇಷನ್ ನಾರ್ತ್‌ಮೂರ್’ ಕೂಡ 2019ರಲ್ಲಿ ಬರಿಗೈಯಲ್ಲಿ ಮುಗಿಯಿತು. ಆ ತನಿಖೆಯ ನಡುವೆ, 2016ರಲ್ಲಿ, ವಿಶೇಷ ಪಡೆಗಳ ಪ್ರಧಾನ ಕಚೇರಿಯ ಸರ್ವರ್ ಅನ್ನು ಮಿಲಿಟರಿ ಪೊಲೀಸರು ಕೇಳಿದ್ದರು. ಅವರು ಬಂದು ನೋಡುವ ಮೊದಲೇ ಅದರಲ್ಲಿದ್ದ ಒಂದಷ್ಟು ಮಾಹಿತಿ ಶಾಶ್ವತವಾಗಿ ಅಳಿಸಿಹೋಗಿತ್ತು ಎಂದು ಬಿಬಿಸಿ 2022ರಲ್ಲಿ ವರದಿ ಮಾಡಿತು. ಈಗ ನ್ಯಾಯಮೂರ್ತಿ ಹ್ಯಾಡನ್-ಕೇವ್ ಅವರ ಸಾರ್ವಜನಿಕ ವಿಚಾರಣೆ ಆ ವಿಶೇಷ ಪಡೆಗಳು ಅಫ್ಗಾನಿಸ್ತಾನದಲ್ಲಿ ನಡೆಸಿದ ರಾತ್ರಿ ದಾಳಿಗಳ ಜೊತೆಗೆ, ಮಿಲಿಟರಿ ಪೊಲೀಸರು ಸರಿಯಾಗಿ ತನಿಖೆ ಮಾಡಿದರೇ ಎಂಬುದನ್ನೂ ನೋಡಬೇಕಾಗಿದೆ.

ಇಲ್ಲಿ ಸೈನಿಕರ ಕಡೆಯ ಸಂಕಟವನ್ನೂ ಹೇಳಬೇಕು. ಇರಾಕ್‌ನಲ್ಲಿ ಹುಡುಗನೊಬ್ಬ ನೀರಲ್ಲಿ ಮುಳುಗಿ ಸತ್ತ ಒಂದೇ ಘಟನೆಗೆ ಬ್ರಿಟಿಷ್ ಅಧಿಕಾರಿಯೊಬ್ಬ 17 ವರ್ಷಗಳಲ್ಲಿ ಎಂಟು ವಿಚಾರಣೆ ಎದುರಿಸಿ, 2020ರಲ್ಲಿ ನಿರ್ದೋಷಿಯಾದ. ಇದನ್ನು ತೋರಿಸಿ ‘ಸೈನಿಕರ ಬೇಟೆ ನಿಲ್ಲಿಸಿ’ ಎನ್ನುವವರು ಬಹಳ. 2021ರಲ್ಲಿ ಬ್ರಿಟನ್ ಐದು ವರ್ಷ ದಾಟಿದ ಘಟನೆಗಳಲ್ಲಿ ಮೊಕದ್ದಮೆ ಅಪರೂಪಕ್ಕೆ ಮಾತ್ರ ಎಂದು ಕಾನೂನನ್ನೇ ತಂದಿತು. ಯುದ್ಧಾಪರಾಧ, ಚಿತ್ರಹಿಂಸೆಗಳನ್ನು ಅದರಿಂದ ಹೊರಗಿಡಲು ಮೇಲ್ಮನೆ ಹಠ ಹಿಡಿಯಬೇಕಾಯಿತು. ನನಗಂತೂ ಆ ಅಧಿಕಾರಿಯ ಕಥೆ ಇದಕ್ಕೆ ತದ್ವಿರುದ್ಧ ಪಾಠ ಹೇಳುತ್ತದೆ. ಮೊದಲ ತನಿಖೆಯನ್ನು ನಂಬುವಂತಿದ್ದರೆ ಎರಡನೆಯದು ಯಾಕೆ ಬೇಕಿತ್ತು?

ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಬಂದು ಸರಿಮಾಡುತ್ತದೆ ಎಂಬ ಆಸೆಯೂ ಬೇಡ. ಬ್ರಿಟಿಷ್ ಪಡೆಗಳು ಇರಾಕ್‌ನಲ್ಲಿ ಯುದ್ಧಾಪರಾಧ ಎಸಗಿವೆ ಎಂದು ನಂಬಲು ಆಧಾರವಿದೆ ಎಂದು ಅದರ ಪ್ರಾಸಿಕ್ಯೂಟರ್ 2020ರ ಡಿಸೆಂಬರ್‌ನಲ್ಲಿ ಹೇಳಿದರು. ಆದರೂ ಕಡತ ಮುಚ್ಚಿದರು. ಯಾಕೆಂದರೆ ದೇಶವೊಂದು ಪ್ರಾಮಾಣಿಕವಾಗಿ ತನಿಖೆಗೆ ಇಳಿದರೆ ಆ ಕೋರ್ಟ್ ಮಧ್ಯೆ ಬರುವಂತಿಲ್ಲ. ಬ್ರಿಟನ್ ಬೇಕೆಂದೇ ಅಪರಾಧಿಗಳನ್ನು ರಕ್ಷಿಸಿತು ಎನ್ನಲು ಅವರಿಗೆ ಆಧಾರ ಸಾಲಲಿಲ್ಲ. ತಡವಾದ, ಸೋತ ತನಿಖೆಯೂ ಹೀಗೆ ಒಂದು ಗುರಾಣಿಯಾಗುತ್ತದೆ.

ಆಸ್ಟ್ರೇಲಿಯಾ ಮಾತ್ರ ಸ್ವಲ್ಪ ಮುಂದೆ ಹೋಗಿದೆ. 2020ರ ನವೆಂಬರ್‌ನಲ್ಲಿ ಹೊರಬಂದ ನ್ಯಾಯಮೂರ್ತಿ ಬ್ರೆರೆಟನ್ ಅವರ ವರದಿ, ದೇಶದ ವಿಶೇಷ ಪಡೆಯವರು ಅಫ್ಗಾನಿಸ್ತಾನದಲ್ಲಿ 39 ಜನರನ್ನು ಕಾನೂನುಬಾಹಿರವಾಗಿ ಕೊಂದದ್ದಕ್ಕೆ ನಂಬಲರ್ಹ ಮಾಹಿತಿ ಇದೆ ಎಂದಿತು. ಕೊಂದ ಮೇಲೆ ಶವದ ಪಕ್ಕ ಇಡಲು ಬಂದೂಕು, ರೇಡಿಯೊ ಮೊದಲೇ ಜೊತೆಗೆ ಒಯ್ಯುತ್ತಿದ್ದರಂತೆ. ಮೊದಲ ವರದಿಗೆ ಬೇಕಾದ ‘ಸಾಕ್ಷ್ಯ’ವನ್ನು ಕಟ್ಟಿಕೊಂಡೇ ಹೊರಡುವುದು! ಆದರೆ ಬ್ರೆರೆಟನ್ ಸಾಕ್ಷಿಗಳನ್ನು ಬಲವಂತವಾಗಿ ಮಾತಾಡಿಸಿದ್ದರಿಂದ ಆ ಹೇಳಿಕೆಗಳನ್ನು ಅವರ ವಿರುದ್ಧವೇ ಕೋರ್ಟಿನಲ್ಲಿ ಬಳಸುವಂತಿಲ್ಲ. 2021ರಲ್ಲಿ ಹೊಸ ತನಿಖಾ ಕಚೇರಿ ತೆರೆದು ಎಲ್ಲ ಮೊದಲಿಂದ ಶುರು ಮಾಡಬೇಕಾಯಿತು. ಅದೇ ವರ್ಷ ಅಫ್ಗಾನಿಸ್ತಾನ ತಾಲಿಬಾನ್ ಕೈಗೆ ಹೋಯಿತು. ಸ್ಥಳಕ್ಕೆ ಹೋಗುವ ದಾರಿ ಮುಚ್ಚಿತು.

ಹಾಗಿದ್ದೂ 2023ರ ಮಾರ್ಚ್‌ನಲ್ಲಿ ಒಬ್ಬ ಮಾಜಿ ಸೈನಿಕನ ಮೇಲೆ ಯುದ್ಧಾಪರಾಧದ ಕೊಲೆ ಆರೋಪ ದಾಖಲಾಯಿತು. 2012ರಲ್ಲಿ ಉರುಜ್ಗಾನ್ ಪ್ರಾಂತ್ಯದ ಗೋಧಿ ಹೊಲದಲ್ಲಿ ಒಬ್ಬ ಅಫ್ಗಾನ್ ಸತ್ತ ಪ್ರಕರಣ ಅದು. ತಪ್ಪು ಮಾಡಿದನೋ ಇಲ್ಲವೋ ಕೋರ್ಟ್ ಹೇಳಬೇಕು. ಆದರೆ ಆ ಸಾವನ್ನು ಸೇನೆ ಹಿಂದೆಯೇ ವಿಚಾರಿಸಿ, ಆತ್ಮರಕ್ಷಣೆ ಎಂದು ಷರಾ ಬರೆದಿತ್ತು. ಅದನ್ನು ಮತ್ತೆ ತೆರೆಸಿದ್ದು 2020ರಲ್ಲಿ ಟಿವಿಯಲ್ಲಿ ಬಂದ ವಿಡಿಯೊ. ತೆಗೆದದ್ದು ತುಕಡಿಯ ಜೊತೆಗೇ ಇದ್ದ ಸೈನಿಕನ ಹೆಲ್ಮೆಟ್ ಕ್ಯಾಮೆರಾ.

ಮೈ ಲಾಯ್‌ನಲ್ಲೂ ಹೀಗೇ. ಸೇನೆಯ ಛಾಯಾಗ್ರಾಹಕ ಸರಕಾರಿ ಕ್ಯಾಮೆರಾದ ರೀಲುಗಳನ್ನು ಮೇಲಿನವರಿಗೆ ಒಪ್ಪಿಸಿದ. ಹೆಣಗಳ ರಾಶಿಯ ಚಿತ್ರಗಳಿದ್ದದ್ದು ಅವನ ಸ್ವಂತ ಕ್ಯಾಮೆರಾದಲ್ಲಿ. ಹದೀಥಾದಲ್ಲೂ ಆ ದಿನವೇ ಮರೀನ್‌ಗಳು ಶವಗಳ ಮೇಲೆ ಸಂಖ್ಯೆ ಬರೆದು ಫೋಟೊ ತೆಗೆದಿದ್ದರು. ಸೇನೆ ಅವನ್ನು ವರ್ಷಾನುಗಟ್ಟಲೆ ಹೊರಬಿಡಲಿಲ್ಲ. ಅಮೆರಿಕದ ಪತ್ರಕರ್ತರು ಕೋರ್ಟಿಗೆ ಹೋದರು. ಹದೀಥಾದ ಇಬ್ಬರು ಮನೆಮನೆಗೆ ಹೋಗಿ, ಚಿತ್ರ ಕೊಡಬಹುದು ಎಂದು ಸತ್ತವರ ಸಂಬಂಧಿಕರಿಂದ ಸಹಿ ಹಾಕಿಸಿಕೊಂಡು ಬಂದರು. 2024ರ ಆಗಸ್ಟ್‌ನಲ್ಲಿ ಅವುಗಳಲ್ಲಿ ಕೆಲವು ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಪ್ರಕಟವಾದವು. ತುಕಡಿ ನಾಯಕನ ಕೇಸು ಮುಗಿದು ಆಗಲೇ ಹನ್ನೆರಡು ವರ್ಷವಾಗಿತ್ತು.